ಬಾಲದ ಪಾಲು

ಲಮ್ರಿಯಾಳ ಅಪ್ಪ ಔತಣದಲ್ಲಿ ಕೂತು ಉಂಡದ್ದನ್ನು ಆ ಊರಿನ ಯಾರೂ ಕಂಡಿರಲಿಲ್ಲ. ಮದುವೆಯಾಗಲಿ ಸಾವಾಗಲಿ, ಅಂಗಳದಲ್ಲಿ ಹಂದಿ ಬಿತ್ತೆಂದರೆ ಅವನ ಓಡಾಟ ಶುರು. ಒಲೆಗೆ ಸೌದೆ ಅವನೇ ತರಬೇಕು, ಚಾಪೆಯ ಸಾಲಿಗೆ ಅನ್ನದ ಬುಟ್ಟಿ ಅವನೇ ಹೊರಬೇಕು, ಹೆಂಡ ಹೆಚ್ಚಾಗಿ ವಾಂತಿ ಮಾಡಿಕೊಂಡ ಮುದುಕರ ಬಾಯಿ ಒರೆಸುವುದಕ್ಕೂ ಅವನೇ ಬೇಕು. ಎಲ್ಲರೂ ಉಂಡು ತೇಗಿದ ಮೇಲೆ ಅಡುಗೆ ಚಪ್ಪರದ ಹಿಂದೆ ಕುಕ್ಕರುಗಾಲಲ್ಲಿ ಕೂತು, ತಳ ಹಿಡಿದ ಅನ್ನವನ್ನು ಉಳಿದ ಗೊಜ್ಜಿನಲ್ಲಿ ಕಲಸಿಕೊಂಡು ಅವನು ತಿನ್ನುತ್ತಿದ್ದ. ತಿನ್ನುವಾಗಲೂ ಒಂದು ಕಿವಿ ಅಂಗಳದ ಕಡೆಗೇ ಇರುತ್ತಿತ್ತು, ಯಾರಾದರೂ ಕರೆದಾರು ಎಂದು.

ಯಾಕೆಂದರೆ ಅವನು ಮನೆ ಅಳಿಯ. ಪಾಂಡಿಯಾಂಗನ್ ಕುಲದವನು ಗುರ್ನಿಂಗ್ ಕುಲದವರ ಊರಿಗೆ ಬಂದು, ಹೆಂಡತಿಯ ತವರಿನವರು ಬಿಟ್ಟುಕೊಟ್ಟ ಹೊಲದಲ್ಲಿ ಈರುಳ್ಳಿ ಬೆಳೆದುಕೊಂಡು ಬದುಕಿದವನು. ತೋಬಾ ಸರೋವರದ ನಡುವಿನ ಸಮೋಸಿರ್ ದ್ವೀಪದಲ್ಲಿ, ಬಟಕ್ ಜನರ ಔತಣಗಳಲ್ಲಿ, ಹೆಣ್ಣು ಕೊಟ್ಟ ಕಡೆಯವರು ಕೂರುತ್ತಾರೆ, ಹೆಣ್ಣು ತಂದವರು ಬಡಿಸುತ್ತಾರೆ. ಬೇರೆ ಅಳಿಯಂದಿರಿಗೆ ಇದರಲ್ಲೇನೂ ಅವಮಾನವಿಲ್ಲ. ಇವತ್ತು ಮಾವನ ಅಂಗಳದಲ್ಲಿ ಬಡಿಸಿದವನು ನಾಳೆ ತನ್ನ ಊರಲ್ಲಿ ತನ್ನ ಅಕ್ಕತಂಗಿಯರ ಗಂಡಂದಿರ ಕೈಯಲ್ಲಿ ಬಡಿಸಿಕೊಂಡು ಮೀಸೆ ತಿರುವುತ್ತಾನೆ. ಮನೆ ಅಳಿಯನಿಗೆ ಮಾತ್ರ ಆ ನಾಳೆ ಬರುವುದೇ ಇಲ್ಲ.

ಹಂದಿಯ ಒಂದೊಂದು ತುಂಡಿಗೂ ಒಬ್ಬೊಬ್ಬ ಹಕ್ಕುದಾರ. ಪಕ್ಕೆಲುಬು ಹೆಣ್ಣು ಕೊಟ್ಟವರಿಗೆ, ಕೀಲಿನ ತುಂಡುಗಳು ಊರವರಿಗೆ, ಬಾಲದ ಸಮೇತ ಹಿಂಭಾಗ ಔತಣದ ಯಜಮಾನನಿಗೆ. ಹಿರಿಯನೊಬ್ಬ ಅಂಗಳದ ನಡುವೆ ನಿಂತು ಹೆಸರು ಕೂಗಿ ಕೊಡುತ್ತಾನೆ. ತುಂಡಿನಲ್ಲಿ ಮಾಂಸ ಎಷ್ಟಿದೆ ಎಂದು ನೋಡುವವನು ಪೆದ್ದ, ಜನ ಕಿವಿಗೊಡುವುದು ಹೆಸರಿಗೆ. ಲಮ್ರಿಯಾಳ ಅಪ್ಪ ಎಷ್ಟೋ ಜನ ಯಜಮಾನರಿಗೆ ಬಾಲದ ಪಾಲನ್ನು ತಟ್ಟೆಯಲ್ಲಿ ಹೊತ್ತು ಕೊಟ್ಟಿದ್ದ. ಮಗುವಿನ ಹೆಸರಿನಿಂದ ಕರೆಯುವ ಅಲ್ಲಿನ ರೂಢಿಯಂತೆ ‘ಲಮ್ರಿಯಾ ಅಪ್ಪ’ ಎಂಬ ಅವನ ಹೆಸರನ್ನು ಯಾರೂ ಕೂಗಿರಲಿಲ್ಲ.

ಸೋದರಮಾವ ಮಂಗಾಸಿಗೆ ಇದೆಲ್ಲ ಬಹಳ ಹಿಡಿಸಿತ್ತು. ಮನೆಯಲ್ಲೇ ಒಬ್ಬ ಆಳು, ಅದೂ ಕೂಲಿ ಕೇಳದ ಆಳು. ಮಾತಿನಲ್ಲಿ ಮಾತ್ರ ಬೆಣ್ಣೆ. ‘ಭಾವ, ಸ್ವಲ್ಪ ಆ ಕೊಡ ಎತ್ತಿಡ್ತೀರಾ’ ಎನ್ನುತ್ತಿದ್ದ, ಕೊಡದ ಪಕ್ಕದಲ್ಲೇ ಕಾಲು ಚಾಚಿ ಕೂತುಕೊಂಡು. ಲಮ್ರಿಯಾ ಮೆಡಾನ್ ನಗರದ ವಿಶ್ವವಿದ್ಯಾಲಯಕ್ಕೆ, ಕೃಷಿ ಓದಲು ಹೊರಟ ದಿನ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ‘ಈರುಳ್ಳಿ ಕೀಳೋಕೆ ಸರ್ಟಿಫಿಕೇಟ್ ಬೇಕಾಯ್ತಾ ಮಗಳೇ? ನಿಮ್ಮಪ್ಪ ಯಾವ ಕಾಲೇಜಲ್ಲಿ ಕಲಿತಿದ್ದು?’ ಅಪ್ಪನೂ ನಕ್ಕಿದ್ದ. ಆ ನಗುವನ್ನು ಲಮ್ರಿಯಾ ಮಾವನ ನಗುವಿಗಿಂತ ಹೆಚ್ಚು ದ್ವೇಷಿಸಿದಳು.

ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಮೆಡಾನಿಗೆ ಹೋದರೆ ಮಾವನಿಂದ ತಪ್ಪಿಸಿಕೊಂಡ ಹಾಗೆ ಎಂದುಕೊಂಡಿದ್ದಳು. ಪಾಪ, ಅಲ್ಲಿ ಮಾವಂದಿರ ಕಾರ್ಖಾನೆಯೇ ಇತ್ತು.

ಅಲ್ಲಿ ಸೇರಿದ ಮೊದಲ ತಿಂಗಳಲ್ಲೇ ಪಾಂಡಿಯಾಂಗನ್ ಕುಲದ ವಿದ್ಯಾರ್ಥಿಗಳ ಸಂಘದಿಂದ ಕರೆ ಬಂತು. ಸಂಘದ ಅಧ್ಯಕ್ಷ ಜೊನಾಸ್. ಅಪ್ಪನಿಗೆ ಕಾರು ಮಾರುವ ಅಂಗಡಿ, ಮಗನಿಗೆ ಮನೆಯೊಳಗೂ ತಂಪು ಕನ್ನಡಕ. ಬಟಕ್ ಮಾತಿನಲ್ಲಿ ಅವನಿಗೆ ಬರುತ್ತಿದ್ದದ್ದು ಒಂದು ನಮಸ್ಕಾರ, ಎರಡು ಬೈಗುಳ. ಅದಕ್ಕೇ ಸಂಪ್ರದಾಯದ ಬಗ್ಗೆ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡುತ್ತಿದ್ದ. ಹೊಸಬರು ಒಬ್ಬೊಬ್ಬರಾಗಿ ಎದ್ದು ಹೆಸರು, ಅಪ್ಪನ ಊರು, ಮೂಲಪುರುಷನಿಂದ ತಾನು ಎಷ್ಟನೇ ತಲೆಮಾರು ಎಂಬ ಸಂಖ್ಯೆ ಹೇಳಬೇಕು. ಸಂಖ್ಯೆ ಗೊತ್ತಾದರೆ ಯಾರು ಯಾರಿಗೆ ಅಣ್ಣ, ಯಾರು ಚಿಕ್ಕಪ್ಪ, ಯಾರು ಮೊಮ್ಮಗ ಎಂಬುದು ತಾನೇ ಇತ್ಯರ್ಥವಾಗುತ್ತದೆ.

ಲಮ್ರಿಯಾ ಊರಿನ ಹೆಸರು ಹೇಳಿದಳು, ಅಪ್ಪ ಈರುಳ್ಳಿ ಬೆಳೆಯುತ್ತಾನೆ ಎಂದೂ ಹೇಳಿದಳು. ಮುಂದಿನ ಸಾಲಿನ ಹುಡುಗಿಯೊಬ್ಬಳು ಮೂಗು ಮುರಿದಳು.

‘ಅದು ಗುರ್ನಿಂಗ್‌ನೋರ ಊರಲ್ವಾ? ಓ... ಮನೆ ಅಳಿಯನ ಮಗಳು.’

ಕೆಲವರು ಕಿಸಕ್ಕೆಂದರು. ಜೊನಾಸ್ ದೊಡ್ಡ ಮನಸ್ಸು ಮಾಡಿದವನ ಹಾಗೆ ಕೈ ಎತ್ತಿದ. ‘ಇರಲಿ ಬಿಡ್ರೋ. ನಂಬರ್ ಆದ್ರೂ ಗೊತ್ತೇನಮ್ಮಾ, ಅದನ್ನೂ ಈರುಳ್ಳಿ ಜೊತೆ ಮಾರಿಬಿಟ್ರಾ?’

ಅಪ್ಪ ಅವಳಿಗೆ ಸಂಖ್ಯೆಯನ್ನು ಹೇಳಿಯೇ ಇರಲಿಲ್ಲ. ಆ ಊರಿನಲ್ಲಿ ಅವನ ಸಂಖ್ಯೆ ಯಾರಿಗೆ ಬೇಕಿತ್ತು? ಲಮ್ರಿಯಾಳಿಗೆ ಮೈಯೆಲ್ಲ ಉರಿದುಹೋಯಿತು. ಉರಿಯಲ್ಲೇ ಬಾಯಿಗೆ ಬಂದದ್ದನ್ನು ಹೇಳಿದಳು.

‘ಹದಿನಾಲ್ಕು.’

ಜೊನಾಸ್ ಬೆರಳು ಮಡಿಚಿದ, ಬಿಡಿಸಿದ, ಮತ್ತೆ ಮಡಿಚಿದ. ಅವನು ಹದಿನಾರು. ಅಲ್ಲಿದ್ದವರೆಲ್ಲ ಹದಿನೈದು, ಹದಿನಾರು, ಹದಿನೇಳು. ಸಂಖ್ಯೆ ಕಡಿಮೆಯಾದಷ್ಟೂ ಮನುಷ್ಯ ಹಿರಿಯ. ಹಳೇ ಚಪ್ಪಲಿ ಹಾಕಿಕೊಂಡು ಬಂದಿದ್ದ ಈ ಹಳ್ಳಿ ಹುಡುಗಿ ಅಧ್ಯಕ್ಷನಿಗೆ ಅಜ್ಜಿಯಾಗಬೇಕು. ಮೂಗು ಮುರಿದವಳು ಹದಿನೇಳು, ಅವಳಿಗೆ ಮುತ್ತಜ್ಜಿ. ಯಾರೋ ಓಡಿ ಬಂದು ಕುರ್ಚಿ ಕೊಟ್ಟರು. ಜೊನಾಸ್ ಕನ್ನಡಕ ತೆಗೆದು, ಹುಳಿ ತಿಂದ ಮುಖದಲ್ಲಿ, ‘ಕೂತ್ಕೊಳ್ಳಿ ಅಜ್ಜಿ’ ಎಂದ.

ಹೀಗೆ ಹದಿಹರೆಯ ಮುಗಿಯುವ ಮೊದಲೇ ಲಮ್ರಿಯಾ ಅಜ್ಜಿಯಾದಳು. ಕ್ಯಾಂಟೀನಿನಲ್ಲಿ ‘ಅಜ್ಜಿ, ಟೀ ಹೇಳ್ಲಾ?’ ಎಂದು ಕೇಳುವವರಲ್ಲಿ ಅರ್ಧ ಗೇಲಿ, ಅರ್ಧ ಭಯ. ಟೀ ಕುಡಿಯುವಳು, ಸಂಘದ ಕಡೆಗೆ ಮಾತ್ರ ಮತ್ತೆ ತಲೆ ಹಾಕಲಿಲ್ಲ. ‘ನಿಮ್ಮ ತಾತ ಯಾರು?’ ಎಂದು ಒಬ್ಬ ಕೇಳಿದರೆ ಸಾಕು, ಎಲ್ಲ ಕುಸಿದುಬೀಳುವುದು ಎಂಬುದು ಅವಳಿಗೆ ಗೊತ್ತಿತ್ತು.

ವಿಶ್ವವಿದ್ಯಾಲಯಕ್ಕೆ ಬೇರೆಯದೇ ಹುಚ್ಚು. ಮನೆಯಲ್ಲಿ ಮೊದಲು ಕಾಲೇಜು ಕಂಡ ಮಕ್ಕಳಿಗಾಗಿ ಸಮಾಜಶಾಸ್ತ್ರದ ಮೇಡಂ ಒಂದು ಶಿಬಿರ ನಡೆಸುತ್ತಿದ್ದರು. ಬಣ್ಣದ ಕಾಗದದ ಹೂವು ಕೊಡುವರು, ಒಂದೊಂದು ಎಸಳಿನ ಮೇಲೂ ‘ನಾನು ಯಾರು’ ಎಂದು ಬರೆಯಬೇಕು. ಬರೆದದ್ದನ್ನು ಓದುತ್ತ ಅಳಬೇಕು. ಅತ್ತವರ ಬೆನ್ನು ಸವರಿ ಬಿಸ್ಕತ್ತು ಕೊಡುವರು. ಅಳದಿದ್ದವರಿಗೆ ಇನ್ನೆರಡು ಪ್ರಶ್ನೆ. ಬಡತನವನ್ನು ಇಷ್ಟೊಂದು ರುಚಿ ನೋಡಿ ಸವಿಯುವವರನ್ನು ಲಮ್ರಿಯಾ ಊರಲ್ಲಿ ಕಂಡಿರಲಿಲ್ಲ.

‘ನೀನ್ಯಾಕಮ್ಮ ಎಸಳೆಲ್ಲ ಖಾಲಿ ಬಿಟ್ಟಿದೀಯಾ?’

‘ನಾನ್ಯಾರು ಅಂತ ನಾನು ಹೇಳೋ ಹಾಗಿಲ್ಲ ಮೇಡಂ. ನಮ್ಮೂರಲ್ಲಿ ಹಂದಿ ಕಡಿದಾಗ ಅವ್ರೇ ಹೇಳ್ತಾರೆ.’

ಮೇಡಂ ಕಣ್ಣರಳಿಸಿ ಅದನ್ನು ಬರೆದುಕೊಂಡರು. ಆರು ತಿಂಗಳಾದ ಮೇಲೆ ಜಕಾರ್ತಾದ ವಿಚಾರಸಂಕಿರಣದಲ್ಲಿ ಅದೇ ಮಾತು ಅವರ ಭಾಷಣದ ಮೊದಲ ಸಾಲಾಯಿತು. ಹೇಳಿದವಳ ಹೆಸರು, ಊರಿನ ಹಂದಿಯ ಹೆಸರಿನಂತೆಯೇ, ಅಲ್ಲಿ ಬರಲಿಲ್ಲ.

ಅಂತೂ ಓದು ಮುಗಿಯಿತು. ಪದವಿ ಪ್ರದಾನಕ್ಕೆ ಅಪ್ಪ ಅವ್ವ ಬಂದರು. ಸಭಾಂಗಣದ ಬಾಗಿಲಲ್ಲಿ ಅಪ್ಪ ಚಪ್ಪಲಿ ಬಿಟ್ಟ, ಅವಳು ಮತ್ತೆ ಹಾಕಿಸಿದಳು. ಒಳಗೆ ಕೂತಾಗಲೂ ಕುರ್ಚಿಯ ತುದಿಯಲ್ಲೇ ಕೂತಿದ್ದ, ಯಾವಾಗ ಬೇಕಾದರೂ ಎದ್ದು ಯಾರಿಗಾದರೂ ನೀರು ತಂದುಕೊಡುವವನ ಹಾಗೆ. ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಅಳು ಇತ್ತು, ಅದನ್ನು ಅವಳು ಮೇಡಂಗೆ ಕೊಡದೆ ಉಳಿಸಿಕೊಂಡಿದ್ದಳು.

ಊರಿಗೆ ಬಂದರೆ ದೋಣಿ ಕಟ್ಟೆಯಲ್ಲೇ ಫ್ಲೆಕ್ಸು. ‘ನಮ್ಮ ಊರಿನ, ನಮ್ಮ ಮನೆಯ ಮೊದಲ ಪದವೀಧರೆ’ ಎಂದು ಬರೆದು, ಮೂಲೆಯಲ್ಲಿ ಅಂಚೆಚೀಟಿಯಷ್ಟು ಲಮ್ರಿಯಾ, ನಡುವೆ ಬಾಗಿಲಷ್ಟು ಮಂಗಾಸಿ ಮಾವ. ಅವನು ಗ್ರಾಮದ ಮುಖ್ಯಸ್ಥನ ಚುನಾವಣೆಗೆ ನಿಂತಿದ್ದ. ನಾಲ್ಕು ವರ್ಷ ಅವಳು ಏನು ಓದುತ್ತಾಳೆ ಎಂದು ಕೇಳದಿದ್ದವನಿಗೆ ಅವಳ ಪದವಿ ಈಗ ತನ್ನ ಅಪ್ಪನ ಆಸ್ತಿಯ ಹಾಗೆ ಕಾಣಿಸಿತು.

ಸಂಜೆ ಹಜಾರದಲ್ಲಿ ಹಿರಿಯರೆಲ್ಲ ಸೇರಿದರು. ಪದವಿಯ ಸಂತೋಷಕ್ಕೆ ಹಂದಿ ಕಡಿಯಬೇಕು, ಅದರಲ್ಲಿ ಜಗಳವಿಲ್ಲ. ಹಂದಿಯೂ ಅಪ್ಪನದೇ, ಅವನೇ ಸಾಕಿದ್ದು. ಜಗಳವಿದ್ದದ್ದು ಯಜಮಾನ ಯಾರು ಎಂಬುದರಲ್ಲಿ.

‘ಯೋಚನೆ ಏನಿದೆ?’ ಎಂದ ಮಾವ. ‘ಅಂಗಳ ನಮ್ದು, ಮಗು ಹುಟ್ಟಿದ್ದು ನಮ್ಮ ಮನೇಲಿ. ನಾನು ಯಜಮಾನ. ಭಾವ ಎಂದಿನ ಹಾಗೆ ಬಡಿಸೋದು ನೋಡ್ಕೋತಾರೆ. ಅವ್ರಷ್ಟು ಚೆನ್ನಾಗಿ ಯಾರಿಗೂ ಬರಲ್ಲ. ಅಲ್ವಾ ಭಾವ?’

ಅಪ್ಪ ಹೂಂ ಎನ್ನಲು ಬಾಯಿ ತೆರೆದಿದ್ದ. ಲಮ್ರಿಯಾ ಎದ್ದು ನಿಂತಳು.

‘ಪದವಿ ಯಾರ ಮಗಳದ್ದು ಮಾವ? ನನ್ನ ಹೆಸರಿನ ಹಿಂದೆ ಗುರ್ನಿಂಗ್ ಅಂತಿದೆಯಾ, ಪಾಂಡಿಯಾಂಗನ್ ಅಂತಿದೆಯಾ?’

‘ಓದಿದ್ದು ತಲೆಗೇರಿದೆ’ ಎಂದು ಮಾವ ನಕ್ಕ. ‘ಸರಿ ಕಣಮ್ಮಾ, ನಿಮ್ಮಪ್ಪನೇ ಯಜಮಾನ ಅಂತಿಟ್ಕೋ. ಯಜಮಾನನ ಹಿಂದೆ ಅವನ ಕುಲದೋರು ನಿಲ್ಬೇಕು. ಇವರ ಹಿಂದೆ ಯಾರು ನಿಲ್ತಾರೆ? ಈರುಳ್ಳಿ ಮೂಟೆನಾ?’

ಹಜಾರವೆಲ್ಲ ನಕ್ಕಿತು. ಅಪ್ಪನೂ ನಕ್ಕ. ಪಾಲು ಕೂಗುವ ಹಿರಿಯ ಸಾಬುಂಗಾನ್ ಅಜ್ಜ ಮಾತ್ರ ನಗಲಿಲ್ಲ. ಅವನಿಗೆ ಯಾರ ಮೇಲೂ ಪ್ರೀತಿಯಿರಲಿಲ್ಲ, ಪದ್ಧತಿಯೊಂದನ್ನು ಬಿಟ್ಟು.

‘ಮಾತು ಸರಿಯಾಗೇ ಇದೆ’ ಎಂದ ಅಜ್ಜ. ‘ಅಪ್ಪನ ಕುಲದೋರು ಬಂದು ಹಿಂದೆ ನಿಂತ್ರೆ ಅಪ್ಪ ಯಜಮಾನ. ಬರದಿದ್ರೆ ಮಂಗಾಸಿ. ಪಾಲು ಕೂಗೋ ಹೊತ್ತಿಗೆ ನಾನು ತಿರುಗಿ ನೋಡ್ತೀನಿ, ಅಷ್ಟೇ.’

ಅಪ್ಪನ ಅಣ್ಣತಮ್ಮಂದಿರು ಸತ್ತು, ಮಕ್ಕಳು ಎಲ್ಲೆಲ್ಲೋ ಚೆದುರಿ ಯಾವ ಕಾಲವಾಗಿತ್ತು. ಪಾಂಡಿಯಾಂಗನ್ ಎನ್ನುವವರು ಲಮ್ರಿಯಾಳಿಗೆ ಗೊತ್ತಿದ್ದದ್ದು ಒಂದೇ ಕಡೆ. ಅವಳು ಹಲ್ಲು ಕಚ್ಚಿಕೊಂಡು ಮೆಡಾನಿನ ಬಸ್ಸು ಹತ್ತಿದಳು.

ಇನ್ನೂ ಪಾಸಾಗದೆ ಉಳಿದಿದ್ದ ಜೊನಾಸ್ ಕ್ಯಾಂಟೀನಿನಲ್ಲಿ ಸಿಕ್ಕಿದ. ವಿಷಯ ಕೇಳಿ ಕನ್ನಡಕವನ್ನು ಹಣೆಗೇರಿಸಿದ. ‘ಸಮೋಸಿರ್‌ಗಾ? ಅಷ್ಟು ದೂರ? ಪರೀಕ್ಷೆ ಇದೆ ಅಜ್ಜಿ...’

‘ಜೊನಾಸ್, ನಾನು ನಿನಗೆ ಏನಾಗ್ಬೇಕು?’

‘ಅಜ್ಜಿ.’

‘ಅಜ್ಜಿ ಕರೆದ್ರೆ ಮೊಮ್ಮಗ ಪರೀಕ್ಷೆ ಇದೆ ಅಂತಾನಾ? ಪ್ರತಿ ಸಭೇಲೂ ಸಂಪ್ರದಾಯ ಸಂಪ್ರದಾಯ ಅಂತ ಗಂಟಲು ಹರ್ಕೋತೀಯಲ್ಲ, ಅದು ಬರೀ ಮೈಕಿಗೇನು? ಸಂಘದೋರ್ನೆಲ್ಲ ಕರ್ಕೊಂಡು ಬಾ. ಬರ್ದಿದ್ರೆ ಮುಂದಿನ ಸಭೇಲಿ ನಾನೇ ಬಂದು ಇದನ್ನ ಎಲ್ಲರ ಮುಂದೆ ಕೇಳ್ತೀನಿ.’

ಬರುತ್ತೇವೆ ಎಂದ. ಹಂದಿ ದೊಡ್ಡದಾ ಎಂದೂ ಕೇಳಿದ.

ಔತಣದ ದಿನ ಬೆಳಗಾಗುವ ಮೊದಲೇ ಅಪ್ಪ ತಾನೇ ಸಾಕಿದ ಹಂದಿಯನ್ನು ತಾನೇ ಕಟ್ಟಿ ತಂದ. ಅಂಗಳದ ತುಂಬ ಚಾಪೆ. ಮಾವ ಬಿಳಿ ಅಂಗಿ, ಹೊಳೆಯುವ ಬೂಟು, ಹೆಗಲ ಮೇಲೆ ಉಲೋಸ್ ಶಾಲು ಹಾಕಿಕೊಂಡು ಯಜಮಾನನ ಜಾಗದಲ್ಲಿ ಕೂತೇಬಿಟ್ಟಿದ್ದ. ಫೋಟೋ ತೆಗೆಯುವವನನ್ನು ಕೂಡ ಪೇಟೆಯಿಂದ ಕರೆಸಿದ್ದ. ಲಮ್ರಿಯಾಳಿಗೆ ಪದವಿಯ ಕರಿ ನಿಲುವಂಗಿ ತೊಡಿಸಿ ಪಕ್ಕದಲ್ಲಿ ಕೂರಿಸಿಕೊಂಡಿದ್ದ. ಅಪ್ಪ ಮಂಡಿಯವರೆಗೆ ಲುಂಗಿ ಎತ್ತಿ ಕಟ್ಟಿ ಅನ್ನದ ಬುಟ್ಟಿ ಹೊರುತ್ತಿದ್ದ.

ಮಧ್ಯಾಹ್ನವಾಯಿತು. ದೋಣಿ ಬರಲಿಲ್ಲ. ಮಾಂಸ ಬೆಂದಿತು, ತುಂಡುಗಳು ತಟ್ಟೆಯಲ್ಲಿ ಸಾಲಾದವು. ಲಮ್ರಿಯಾ ಸರೋವರದ ಕಡೆ ನೋಡಿ ನೋಡಿ ಕಣ್ಣು ನೋಯಿಸಿಕೊಂಡಳು. ನಾಲ್ಕು ವರ್ಷದ ಓದು, ಕರಿ ನಿಲುವಂಗಿ, ಇಷ್ಟೆಲ್ಲ ಆಗಿಯೂ ತನ್ನ ಔತಣದಲ್ಲೇ ತನ್ನ ಅಪ್ಪ ಆಳಾಗಿ ಉಳಿಯುತ್ತಾನೆ, ತಾನು ಈ ಮನುಷ್ಯನ ಚುನಾವಣೆಯ ಗೊಂಬೆಯಾಗಿ ಉಳಿಯುತ್ತೇನೆ. ನಿಲುವಂಗಿಯೊಳಗೆ ಬೆವರು ಹರಿಯಿತು.

‘ಇನ್ನು ಕೂಗಿ ಅಜ್ಜ’ ಎಂದ ಮಾವ. ‘ಈರುಳ್ಳಿ ಮೂಟೆಗಳು ಬರಲ್ಲ.’

ಅಷ್ಟರಲ್ಲಿ ಕಟ್ಟೆಯ ಕಡೆಯಿಂದ ದೋಣಿಯ ಹಾರ್ನು ಕೇಳಿಸಿತು. ಸ್ವಲ್ಪ ಹೊತ್ತಿಗೆ ಹನ್ನೆರಡು ಹದಿಮೂರು ಜನ ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂದರು. ಹರಿದ ಜೀನ್ಸು, ಬಣ್ಣ ಹಚ್ಚಿದ ಕೂದಲು, ಒಬ್ಬನ ಕೈಯಲ್ಲಿ ಚಿಪ್ಸಿನ ಪೊಟ್ಟಣ. ಎಲ್ಲರ ಹೆಗಲಿಗೂ ಅವಸರದಲ್ಲಿ ಸುತ್ತಿಕೊಂಡ ಉಲೋಸ್ ಶಾಲು, ಇಬ್ಬರದು ತಲೆಕೆಳಗು. ಇದಕ್ಕಿಂತ ಕಳಪೆ ಕುಲಸ್ಥರನ್ನು ಆ ಅಂಗಳ ಎಂದೂ ನೋಡಿರಲಿಕ್ಕಿಲ್ಲ. ಲಮ್ರಿಯಾಳಿಗೆ ಅವರನ್ನೆಲ್ಲ ಒಟ್ಟಿಗೆ ತಬ್ಬಿಕೊಳ್ಳಬೇಕೆನಿಸಿತು.

ಅವಳು ನಿಲುವಂಗಿ ಎತ್ತಿಕೊಂಡು ಓಡಿದಳು. ಜೊನಾಸ್ ಅವಳನ್ನು ಪಕ್ಕಕ್ಕೆ ಎಳೆದು ಪಿಸುಗುಟ್ಟಿದ.

‘ಅಜ್ಜಿ, ಒಂದು ವಿಷ್ಯ. ನನ್ನ ನಂಬರು ನಮ್ಮಪ್ಪಂಗೂ ಗೊತ್ತಿಲ್ಲ. ಮೊದಲನೇ ಸಭೇಲಿ ಪಕ್ಕದೋನು ಹದಿನಾರು ಅಂದ, ನಾನೂ ಹದಿನಾರು ಅಂದ್ಬಿಟ್ಟೆ. ಇಲ್ಲಿ ಯಾರಾದ್ರೂ ಕೇಳಿದ್ರೆ ಏನು ಮಾಡ್ಲಿ?’

ನಾಲ್ಕು ವರ್ಷ ಇವನಿಗೆ ಹೆದರಿಕೊಂಡು ಓಡಾಡಿದ್ದಳು. ‘ಬಾಯಿ ಮುಚ್ಕೊಂಡು ನಮ್ಮಪ್ಪನ ಹಿಂದೆ ನಿಂತ್ಕೋ’ ಎಂದಳು.

ಅಪ್ಪ ಅನ್ನದ ಬುಟ್ಟಿ ಹಿಡಿದುಕೊಂಡೇ ನಿಂತಿದ್ದ. ಹದಿಮೂರು ಜನ ಸಾಲಾಗಿ ಬಂದು ಕೈ ಮುಗಿದು ‘ಮುತ್ತಜ್ಜ, ಮುತ್ತಜ್ಜ’ ಎಂದಾಗ ಹಿಂದೆ ಯಾರಾದರೂ ಮುದುಕರಿದ್ದಾರೇನೋ ಎಂದು ತಿರುಗಿ ನೋಡಿದ.

‘ಏನೇ ಇದು?’ ಎಂದ ಮಗಳ ಕಿವಿಯಲ್ಲಿ. ‘ನಾನು ಹದಿನೈದನೇ ತಲೆಮಾರು ಕಣೇ. ಇವ್ರಿಗೆ ಹೆಂಗೆ ಮುತ್ತಜ್ಜ ಆಗ್ತೀನಿ?’

‘ಇವತ್ತು ನೀನು ಹದಿಮೂರು. ಸುಮ್ನಿರಪ್ಪ.’

ಹಾಗಾದರೆ ತಾನು ಹದಿನಾರು. ಅಜ್ಜಿಯೂ ಅಲ್ಲ, ಗಿಜ್ಜಿಯೂ ಅಲ್ಲ, ಈ ಕೋತಿಗಳಲ್ಲಿ ಹೆಚ್ಚಿನವರಿಗೆ ಬರೀ ಅಕ್ಕ. ಅವಳು ಬುಟ್ಟಿ ಕಿತ್ತುಕೊಂಡು ಒಬ್ಬ ಹುಡುಗನ ಕೈಗೆ ಕೊಟ್ಟಳು, ಅಪ್ಪನ ಲುಂಗಿ ಕೆಳಗಿಳಿಸಿದಳು, ಜೊನಾಸ್‌ನ ಶಾಲು ತೆಗೆದು ಅಪ್ಪನ ಹೆಗಲಿಗೆ ಹಾಕಿದಳು.

ಸಾಬುಂಗಾನ್ ಅಜ್ಜ ತಿರುಗಿ ನೋಡಿದ. ಹದಿಮೂರು ಜನರನ್ನು ಮೇಲಿಂದ ಕೆಳಗೆ ನೋಡಿದ, ಚಿಪ್ಸಿನ ಪೊಟ್ಟಣವನ್ನು ನೋಡಿದ, ಮುಖ ಕಿವುಚಿದ. ‘ಯಾವ ಕುಲ?’

‘ಪಾಂಡಿಯಾಂಗನ್!’ ಎಂದು ಎಲ್ಲರೂ ಕಿರುಚಿದರು. ಇದೊಂದು ಮಾತ್ರ ಅವರಿಗೆ ಖಚಿತವಾಗಿ ಗೊತ್ತಿತ್ತು.

‘ಮಂಗಾಸಿ, ಏಳಪ್ಪ’ ಎಂದ ಅಜ್ಜ. ‘ನಿನ್ನ ಜಾಗ ಎದುರಿಗಿದೆ. ಹೆಣ್ಣು ಕೊಟ್ಟ ಕಡೆಯೋನು ನೀನು, ನಿಂಗೆ ಪಕ್ಕೆಲುಬು ಬರುತ್ತೆ. ಕಡಿಮೆಯೇನಲ್ಲ.’

ಮಾವ ಎದ್ದ. ನಗಲು ನೋಡಿದ, ಹಲ್ಲು ಮಾತ್ರ ಕಾಣಿಸಿತು. ಫೋಟೋ ತೆಗೆಯುವವನು ಯಾರ ಫೋಟೋ ತೆಗೆಯಬೇಕೆಂದು ತಿಳಿಯದೆ ಹಂದಿಯ ತಲೆಯ ಫೋಟೋ ತೆಗೆದ.

ಅಪ್ಪ ಯಜಮಾನನ ಜಾಗದಲ್ಲಿ ಕೂತ. ಹಿಂದೆ ಅವನ ಕುಲ ನಿಂತಿತು, ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ. ಸಾಬುಂಗಾನ್ ಅಜ್ಜ ಬಾಲದ ತಟ್ಟೆಯನ್ನು ಎತ್ತಿ ಹಿಡಿದು, ಊರಿಗೆಲ್ಲ ಕೇಳುವ ಹಾಗೆ ಕೂಗಿದ. ‘ಬಾಲದ ಪಾಲು, ಔತಣದ ಯಜಮಾನ, ಲಮ್ರಿಯಾ ಅಪ್ಪ, ಪಾಂಡಿಯಾಂಗನ್!’

ಅಪ್ಪ ಎದ್ದು ಹೋಗಿ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ತಲೆ ಬಗ್ಗಿಸಿದ. ಆಮೇಲೆ ತಿರುಗಿ, ಬೆನ್ನು ಬಾಗಿಸಿ, ಯಾರ ಚಾಪೆಯನ್ನೂ ತುಳಿಯದ ಹಾಗೆ ಸಣ್ಣ ಸಣ್ಣ ಹೆಜ್ಜೆಯಿಡುತ್ತ, ಸೀದಾ ಎದುರು ಸಾಲಿನ ಮಂಗಾಸಿಯ ಕಡೆಗೆ ನಡೆದ.

ತಟ್ಟೆ ಕೈಗೆ ಬಂತೆಂದರೆ ಅದನ್ನು ಇನ್ನೊಬ್ಬರ ಮುಂದೆ ಇಡಬೇಕು ಎಂಬುದೊಂದೇ ಆ ಕಾಲುಗಳಿಗೆ ಗೊತ್ತಿತ್ತು. ಮಂಗಾಸಿ ಮಾವನ ಮುಖ ಅರಳಿತು, ಕೈ ಚಾಚಿದ. ನಾಲ್ಕು ಜನರ ಮುಂದೆ ಬಾಯಿ ಮಾಡಲು ಎಂದೂ ಹಿಂಜರಿಯದ ಲಮ್ರಿಯಾಳಿಗೆ ಆಗ ಒಂದು ಮಾತೂ ಹೊರಡಲಿಲ್ಲ. ಇಷ್ಟು ವರ್ಷ ಅಪ್ಪನ ಮೇಲೆ ಮಾಡಿಕೊಂಡಿದ್ದ ಸಿಟ್ಟೆಲ್ಲ ಆ ಬಾಗಿದ ಬೆನ್ನನ್ನು ನೋಡಿ ಸಂಕಟವಾಯಿತು.

ಮಾತಾಡಿದವಳು ಅವ್ವ. ತವರಿನ ಅಂಗಳದಲ್ಲಿ ಅಣ್ಣನೆದುರು ಎಂದೂ ದನಿ ಎತ್ತದಿದ್ದ ಅವ್ವ ಹೆಂಗಸರ ಸಾಲಿನಿಂದ ಎದ್ದು ಬಂದಿದ್ದಳು.

‘ಏನ್ರೀ, ಎಲ್ಲಿಗೆ ಹೊರಟ್ರಿ?’

ಅಪ್ಪ ನಿಂತ.

‘ಅದು ಅವ್ರದ್ದಲ್ಲ. ನಿಮ್ದು. ಈ ಕಡೆ ಬನ್ನಿ.’

ಅಪ್ಪ ತಟ್ಟೆಯನ್ನು ನೋಡಿದ, ಮಾವನ ಚಾಚಿದ ಕೈಯನ್ನು ನೋಡಿದ. ‘ಹೌದಲ್ವಾ’ ಎಂದ, ತನಗೆ ತಾನೇ ಹೇಳಿಕೊಂಡ ಹಾಗೆ. ಬಂದ ದಾರಿಯಲ್ಲೇ ತಿರುಗಿ ಬಂದು ತನ್ನ ಜಾಗದಲ್ಲಿ ಕೂತ. ಮಾವನ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅದು ತನ್ನ ಮೀಸೆಯನ್ನೇ ಸವರಿಕೊಂಡಿತು.

ಊಟ ಶುರುವಾಯಿತು. ಜೊನಾಸ್ ಮತ್ತು ಅವನ ಹುಡುಗರು, ಯಾರು ಬಡಿಸಬೇಕು ಯಾರು ಕೂರಬೇಕು ಎಂಬುದು ತಿಳಿಯದೆ, ಎಲ್ಲರಿಗಿಂತ ಮೊದಲು ಕೂತು ಉಂಡರು. ಅಪ್ಪ ಮಾತ್ರ ಔತಣ ಮುಗಿಯುವವರೆಗೂ ತಟ್ಟೆಯನ್ನು ಕೆಳಗಿಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ, ಲುಂಗಿಗೆ ಜಿಡ್ಡು ಇಳಿಯುತ್ತಿತ್ತು. ಲಮ್ರಿಯಾ ಪಕ್ಕದಲ್ಲಿ ಕೂತು ಅನ್ನ ಕಲಸಿ ಕೊಟ್ಟರೆ ಬಾಯಿ ತೆರೆದ. ಅಂಗಳದ ಆ ತುದಿಯಿಂದ ಯಾರೋ ನೀರು ಕೇಳಿದರು. ಅವನ ಮಂಡಿಗಳು ಒಮ್ಮೆ ಅದುರಿದವು. ಲಮ್ರಿಯಾ ಅವುಗಳ ಮೇಲೆ ಕೈಯಿಟ್ಟು ಒತ್ತಿ ಹಿಡಿದಳು.